ಸರ್ವೋ ಡ್ರೈವ್ ರಿಪೇರಿ: ಸಣ್ಣ ಶೆಡ್‌ಗಳ ದೊಡ್ಡ ತಲೆನೋವು

ಹೊಸೂರು: ಸಿಪ್ಕಾಟ್ ಕೈಗಾರಿಕಾ ಪ್ರದೇಶದ ದೊಡ್ಡ ಕಾರ್ಖಾನೆಗಳ ಹೆಸರು ಗಡಿಯ ಎರಡೂ ಬದಿಯವರಿಗೆ ಗೊತ್ತು. ಅಂಥ ಕಾರ್ಖಾನೆಗಳಿಗೆ ಬಿಡಿಭಾಗ ಮಾಡಿಕೊಡುವ ಸಣ್ಣ ಶೆಡ್‌ಗಳ ಹೆಸರು ಪಕ್ಕದ ಬೀದಿಯವರಿಗೂ ಗೊತ್ತಿರುವುದಿಲ್ಲ. ಎರಡೋ ಮೂರೋ ಸಿಎನ್‌ಸಿ ಲೇತ್, ಒಬ್ಬ ಮಾಲೀಕ, ತಳಿ, ಬಾಗಲೂರು, ಬೇರಿಕೆ ಕಡೆಯಿಂದ ಬಸ್ಸಿನಲ್ಲಿ ಬರುವ ನಾಲ್ಕಾರು ಹುಡುಗರು. ಇಷ್ಟೇ ಅಲ್ಲಿನ ಸಂಸಾರ. ಒಂದು ದಿನ ಪರದೆಯ ಮೇಲೆ 'ಸರ್ವೋ ಅಲಾರಂ' ಎಂದು ಕೆಂಪು ಅಕ್ಷರ ಮೂಡಿದರೆ ಈ ಸಂಸಾರ ನಿಂತುಬಿಡುತ್ತದೆ. ಮಾಲು ಕೇಳುವ ಕಂಪನಿ ಕಾಯುವುದಿಲ್ಲ, ಬ್ಯಾಂಕಿನ ಕಂತೂ ಕಾಯುವುದಿಲ್ಲ.

ಯಂತ್ರವನ್ನು ಯಾರು ರಿಪೇರಿ ಮಾಡಬಹುದು, ಯಾರಿಗೆ ಮಾಡಲು ಬಿಡುತ್ತಾರೆ ಎಂಬ ಪ್ರಶ್ನೆ ಕೆಲವು ವರ್ಷಗಳಿಂದ ಜಗತ್ತಿನ ಹಲವೆಡೆ ಕಾನೂನಿನ ಚರ್ಚೆಯಾಗಿದೆ. ಮೊಬೈಲ್, ಟ್ರ್ಯಾಕ್ಟರ್, ಕಾರುಗಳ ಬಗ್ಗೆ ಮಾತು ಸಾಕಷ್ಟು ನಡೆದಿದೆ. ಶೆಡ್ಡಿನೊಳಗಿನ ಸರ್ವೋ ಡ್ರೈವ್ ಬಗ್ಗೆ ಮಾತಾಡುವವರು ಕಡಿಮೆ.

ಡ್ರೈವ್ ಅಂದರೆ ಏನು?

ಸಾಮಾನ್ಯ ಮೋಟಾರಿಗೆ ಕರೆಂಟು ಕೊಟ್ಟರೆ ತಿರುಗುತ್ತದೆ, ತೆಗೆದರೆ ನಿಲ್ಲುತ್ತದೆ. ಎಷ್ಟು ತಿರುಗಿದೆ ಎಂಬ ಲೆಕ್ಕ ಅದಕ್ಕಿಲ್ಲ. ಸರ್ವೋ ಮೋಟಾರಿನ ಹಿಂಬದಿಯಲ್ಲಿ ಎನ್‌ಕೋಡರ್ ಎಂಬ ಕಣ್ಣು ಇರುತ್ತದೆ. 'ಇಷ್ಟು ತಿರುಗಿದ್ದೇನೆ, ಇಲ್ಲಿದ್ದೇನೆ' ಎಂದು ಅದು ಕ್ಷಣಕ್ಷಣಕ್ಕೂ ವರದಿ ಕೊಡುತ್ತದೆ. ಆ ವರದಿ ಓದಿ ಮೋಟಾರಿಗೆ ಎಷ್ಟು ಕರೆಂಟು ಬಿಡಬೇಕೆಂದು ತೀರ್ಮಾನಿಸುವ ಪೆಟ್ಟಿಗೆಯೇ ಡ್ರೈವ್. ಹಾಗಾಗಿಯೇ ಕೂದಲೆಳೆಗಿಂತ ತೆಳುವಾದ ಅಳತೆಯಲ್ಲಿ ಲೋಹ ಕೆತ್ತಲು ಸಾಧ್ಯವಾಗುತ್ತದೆ.

ಪೆಟ್ಟಿಗೆಯೊಳಗೆ ನಡೆಯುವುದು ಮೂರು ಕೆಲಸ. ಹೊರಗಿನ ಎಸಿಯನ್ನು ಡಿಸಿ ಮಾಡುವುದು, ಅದನ್ನು ಕೆಪಾಸಿಟರ್‌ಗಳಲ್ಲಿ ಹಿಡಿದಿಡುವುದು, ಐಜಿಬಿಟಿ ಎಂಬ ವೇಗದ ಸ್ವಿಚ್‌ಗಳ ಮೂಲಕ ಬೇಕಾದ ಅಳತೆಯಲ್ಲಿ ಮೋಟಾರಿಗೆ ಬಿಡುವುದು. ಮೂರು ಫೇಸಿನ 415 ವೋಲ್ಟ್ ನೇರವಾಗಿ ಬರುವ ಡ್ರೈವ್‌ನಲ್ಲಿ ಒಳಗಿನ ಡಿಸಿ ಸುಮಾರು 580 ವೋಲ್ಟ್ ಇರುತ್ತದೆ. ಮೇನ್ ಸ್ವಿಚ್ ತೆಗೆದ ಮೇಲೂ ಅದು ಕೆಲವು ನಿಮಿಷ ಒಳಗೇ ಕುಳಿತಿರುತ್ತದೆ. ಕೈಪಿಡಿಯಲ್ಲಿ ಹೇಳಿದಷ್ಟು ಹೊತ್ತು ಕಾದು, ಮೀಟರಿನಲ್ಲಿ ನೋಡಿಯೇ ಕೈ ಹಾಕಬೇಕು. ಅವಸರಪಟ್ಟರೆ ಜೀವಕ್ಕೇ ಕುತ್ತು.

ಅಲಾರಂ ಡ್ರೈವ್‌ನಲ್ಲಿ, ರೋಗ ಬೇರೆಡೆ

ಅಲಾರಂ ಬಂತೆಂದರೆ ಡ್ರೈವೇ ಸುಟ್ಟಿದೆ ಎಂದುಕೊಳ್ಳುವುದು ಸಾಮಾನ್ಯ. ನೆಗಡಿಗೆ ಮೂಗು ಕೊಯ್ದುಕೊಂಡ ಹಾಗೆ, ಚೆನ್ನಾಗಿರುವ ಡ್ರೈವನ್ನೇ ಬದಲಿಸಿ ಹಣ ಕಳೆದುಕೊಳ್ಳುವ ಅಪಾಯ ಇಲ್ಲಿದೆ. 'ಓವರ್ ಕರೆಂಟ್' ಎಂದು ಬಂದರೆ ಐಜಿಬಿಟಿ ಹೋಗಿರಬಹುದು. ಕೂಲಂಟ್ ನೀರು ನುಗ್ಗಿ ಮೋಟಾರಿನ ವೈಂಡಿಂಗ್ ಕೆಟ್ಟಿರಬಹುದು, ಕೇಬಲ್ ಒಳಗೇ ಸವೆದಿರಬಹುದು. 'ಓವರ್ ಲೋಡ್' ಎಂದು ಬಂದರೆ ಎಣ್ಣೆ ಕಾಣದ ಸ್ಲೈಡು, ಬಿಗಿಯಾದ ಬೇರಿಂಗು ಅಥವಾ ಬಿಡದೆ ಹಿಡಿದುಕೊಂಡ ಬ್ರೇಕು ಕಾರಣವಾಗಿರಬಹುದು.

ಅನುಭವಿ ಮೆಕ್ಯಾನಿಕ್ ಮೊದಲು ಪೆಟ್ಟಿಗೆ ಬಿಚ್ಚುವುದಿಲ್ಲ. ಅಲಾರಂ ನಂಬರು ಬರೆದುಕೊಳ್ಳುತ್ತಾನೆ. ಅದು ಯಂತ್ರ ಶುರು ಮಾಡಿದಾಗ ಬರುತ್ತದೆಯೋ, ವೇಗ ಹೆಚ್ಚಿದಾಗಲೋ, ಗಂಟೆಗಟ್ಟಲೆ ಓಡಿದ ಮೇಲೋ ಎಂದು ಕೇಳುತ್ತಾನೆ. ಬರುವ ಕರೆಂಟು ಅಳೆಯುತ್ತಾನೆ. ಮೋಟಾರಿನ ತಂತಿಗಳನ್ನು ಡ್ರೈವ್‌ನಿಂದ ಬಿಡಿಸಿದ ಮೇಲೆಯೇ ಮೆಗ್ಗರ್ ಹಾಕುತ್ತಾನೆ. ಬಿಡಿಸದೆ ಹಾಕಿದರೆ ಒಳ್ಳೆಯ ಡ್ರೈವೂ ಸತ್ತುಹೋಗುತ್ತದೆ. ಒಂದೇ ಅಳತೆಯ ಎರಡು ಡ್ರೈವ್ ಇದ್ದರೆ, ಪ್ಯಾರಾಮೀಟರ್ ನೋಡಿಕೊಂಡು ಅದಲುಬದಲು ಮಾಡುತ್ತಾನೆ. ದೋಷ ಡ್ರೈವ್ ಜತೆ ಹೋದರೆ ಡ್ರೈವ್‌ನದು, ಅಲ್ಲೇ ಉಳಿದರೆ ಮೋಟಾರಿನದೋ ಕೇಬಲಿನದೋ.

ಡ್ರೈವೇ ಕೆಟ್ಟಾಗಲೂ ಅದರ ಹಿಂದೆ ಬಿಸಿ ಮತ್ತು ಧೂಳು ಇರುವುದು ಸಾಮಾನ್ಯ. ಕೆಪಾಸಿಟರಿನ ಬಿಸಿ 10 ಡಿಗ್ರಿ ಏರಿದರೆ ಆಯುಸ್ಸು ಹೆಚ್ಚುಕಡಿಮೆ ಅರ್ಧಕ್ಕಿಳಿಯುತ್ತದೆ ಎಂಬುದು ಎಂಜಿನಿಯರುಗಳ ಲೆಕ್ಕ. ಕೆಲವು ನೂರು ರೂಪಾಯಿಯ ಫ್ಯಾನು ನಿಂತದ್ದು ಯಾರ ಗಮನಕ್ಕೂ ಬಾರದೆ, ಲಕ್ಷದ ಹತ್ತಿರದ ಡ್ರೈವ್ ಹೋಗಬಹುದು. ಸೆಕೆಗೆಂದು ಪ್ಯಾನೆಲ್ ಬಾಗಿಲು ತೆರೆದು ಟೇಬಲ್ ಫ್ಯಾನ್ ಇಟ್ಟರೆ ಎಣ್ಣೆಯ ಆವಿಯೂ ಲೋಹದ ಪುಡಿಯೂ ಸೀದಾ ಬೋರ್ಡಿನ ಮೇಲೆ ಕೂರುತ್ತವೆ.

ಬೀಗ ಯಾರ ಕೈಯಲ್ಲಿ?

ಕೆಪಾಸಿಟರ್, ಐಜಿಬಿಟಿ ಬದಲಿಸುವ ಕೈಗಳು ಬೆಂಗಳೂರಿನ ಪೀಣ್ಯದಂಥ ಕಡೆ ಇವೆ. ಕಷ್ಟ ಇರುವುದು ಮಾಹಿತಿಯಲ್ಲಿ. ಬೋರ್ಡಿನ ಸರ್ಕ್ಯೂಟ್ ನಕ್ಷೆಯನ್ನು ತಯಾರಕರು ಸಾಮಾನ್ಯವಾಗಿ ಹೊರಗೆ ಕೊಡುವುದಿಲ್ಲ. ಎನ್‌ಕೋಡರ್ ಮತ್ತು ಡ್ರೈವ್ ನಡುವಿನ ಮಾತು ಹಲವು ಬ್ರಾಂಡುಗಳಲ್ಲಿ ಅವರದೇ ಗುಪ್ತ ಭಾಷೆ. ಹಾಗಾಗಿ ಒಂದು ಕಂಪನಿಯ ಮೋಟಾರಿಗೆ ಇನ್ನೊಂದರ ಡ್ರೈವ್ ಕೂರುವುದಿಲ್ಲ. ಹಳೆಯ ಮಾಡೆಲ್ ನಿಂತುಹೋದರೆ ಡ್ರೈವ್, ಮೋಟಾರ್, ಕೇಬಲ್ ಎಲ್ಲವನ್ನೂ ಬದಲಿಸಬೇಕಾದೀತು. 2021, 2022ರಲ್ಲಿ ಚಿಪ್ ಕೊರತೆ ಬಂದಾಗ ಹೊಸ ಡ್ರೈವ್‌ಗಾಗಿ ತಿಂಗಳುಗಟ್ಟಲೆ ಕಾಯಬೇಕಾಯಿತು. ಹಳೆಯದನ್ನು ಬದುಕಿಸುವ ವಿದ್ಯೆಯ ಬೆಲೆ ಆಗ ಅರ್ಥವಾಯಿತು.

ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಜುಲೈಯಲ್ಲಿ 'ರಿಪೇರಿ ಹಕ್ಕಿ'ಗಾಗಿ ಸಮಿತಿ ಮಾಡಿತು. ಅದೇ ವರ್ಷ ಡಿಸೆಂಬರ್ 24ರಂದು ಪೋರ್ಟಲ್ ಕೂಡ ಶುರುವಾಯಿತು. ಆಯ್ದುಕೊಂಡ ಕ್ಷೇತ್ರಗಳು ನಾಲ್ಕು: ಕೃಷಿ ಉಪಕರಣ, ಮೊಬೈಲ್ ಮತ್ತು ಟ್ಯಾಬ್ಲೆಟ್, ಗೃಹೋಪಯೋಗಿ ವಸ್ತು, ವಾಹನ. ಕಾರ್ಖಾನೆಯ ಯಂತ್ರ ಆ ಪಟ್ಟಿಯಲ್ಲಿರಲಿಲ್ಲ. ಅಮೆರಿಕದಲ್ಲೂ ಕಥೆ ಇಂಥದೇ. ರಿಪೇರಿಗಾಗಿ ಸಾಫ್ಟ್‌ವೇರ್ ಬೀಗ ತೆಗೆಯುವ ವಿನಾಯಿತಿಯನ್ನು ವಾಣಿಜ್ಯ ಮತ್ತು ಕೈಗಾರಿಕಾ ಉಪಕರಣಗಳಿಗೆಲ್ಲ ಕೊಡಿ ಎಂಬ ಬೇಡಿಕೆ 2024ರಲ್ಲಿ ಬಂದಿತ್ತು. ಸಿಕ್ಕಿದ್ದು ಐಸ್‌ಕ್ರೀಂ ಯಂತ್ರದಂಥ ಅಂಗಡಿಯ ಅಡುಗೆ ಉಪಕರಣಗಳಿಗೆ ಮಾತ್ರ.

ಆದರೂ ಸಣ್ಣವರಿಗೆ ಕಾನೂನಿನಲ್ಲಿ ಒಂದು ಕಿಂಡಿ ಇದೆ. 1995ರಲ್ಲಿ ಲಕ್ಷ್ಮಿ ಎಂಜಿನಿಯರಿಂಗ್ ವರ್ಕ್ಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಮುಂದೆ ಬಂದದ್ದು ಲಕ್ಷಾಂತರ ರೂಪಾಯಿಯ ಯಂತ್ರದ ತಕರಾರು. ಅದು ವಾಣಿಜ್ಯ ಉದ್ದೇಶದ ಖರೀದಿ, ಗ್ರಾಹಕ ವೇದಿಕೆಯಲ್ಲಿ ನಡೆಯದು ಎಂದು ಕೋರ್ಟ್ ಹೇಳಿತು. ಅದೇ ತೀರ್ಪಿನಲ್ಲಿ ಇನ್ನೊಂದು ಮಾತೂ ಇದೆ. ಜೀವನೋಪಾಯಕ್ಕಾಗಿ ಲೇತ್ ಕೊಂಡು ತಾನೇ ಓಡಿಸುವವನು ಗ್ರಾಹಕನೇ, ಸಹಾಯಕ್ಕೆ ಒಬ್ಬಿಬ್ಬರನ್ನು ಇಟ್ಟುಕೊಂಡ ಮಾತ್ರಕ್ಕೆ ಆ ಹಕ್ಕು ಹೋಗದು. ಸ್ವಉದ್ಯೋಗದ ಈ ವಿನಾಯಿತಿ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲೂ ಉಳಿದಿದೆ. ಅಂದರೆ ಒಂದೇ ಯಂತ್ರ ಇಟ್ಟುಕೊಂಡು ತಾನೇ ದುಡಿಯುವವನು ದೋಷದ ಮಾಲಿನ ಬಗ್ಗೆ ಗ್ರಾಹಕ ಆಯೋಗದ ಬಾಗಿಲು ತಟ್ಟಬಹುದು. ಹತ್ತಾರು ಜನರನ್ನಿಟ್ಟ ಶೆಡ್ಡಿಗೆ ಈ ದಾರಿ ಸಿಗುವುದು ಕಷ್ಟ.

ಗಡಿಯ ಲಾಭ

ಹೊಸೂರಿಗೂ ಬೆಂಗಳೂರಿಗೂ ಇರುವ ಅಂತರ ಸುಮಾರು 40 ಕಿಲೋಮೀಟರ್. 2017ರ ಜುಲೈಯಲ್ಲಿ ಜಿಎಸ್‌ಟಿ ಬಂದ ಮೇಲೆ ರಾಜ್ಯಗಳ ಮಾರಾಟ ತೆರಿಗೆ ಚೆಕ್‌ಪೋಸ್ಟ್‌ಗಳು ಹೋದವು. ಈಗ ರಿಪೇರಿಗೆ ಕಳಿಸುವ ಡ್ರೈವ್ ಜತೆ ಡೆಲಿವರಿ ಚಲನ್ ಇರಬೇಕು, ಮೌಲ್ಯ 50,000 ರೂಪಾಯಿ ದಾಟಿದರೆ ಇ-ವೇ ಬಿಲ್ ಬೇಕು. ದಾರಿ ಸುಲಭವಾಗಿದೆ. ಆದರೆ ಪ್ರತಿ ಅಲಾರಂಗೂ ಗಡಿ ದಾಟಬೇಕೇ ಎಂಬುದು ಪ್ರಶ್ನೆ.

ತಮಿಳುನಾಡು ಸರ್ಕಾರ ಟಾಟಾ ಟೆಕ್ನಾಲಜೀಸ್ ಜತೆ ಸೇರಿ 71 ಸರ್ಕಾರಿ ಐಟಿಐಗಳನ್ನು, ಕರ್ನಾಟಕ 150 ಐಟಿಐಗಳನ್ನು ಹೊಸ ತಂತ್ರಜ್ಞಾನಕ್ಕೆ ಏರಿಸುವ ಯೋಜನೆ ಹಾಕಿಕೊಂಡವು. ಅಲ್ಲಿ ರೋಬೋಟ್ ಓಡಿಸುವುದನ್ನು ಕಲಿಸಿದರೆ ಸಾಲದು, ಕೆಟ್ಟದ್ದನ್ನು ಹುಡುಕುವುದನ್ನೂ ಕಲಿಸಬೇಕು. ಯಂತ್ರ ಓಡಿಸುವ ಆಪರೇಟರ್ ಜಾಗಕ್ಕೆ ನಾಳೆ ಇನ್ನೊಂದು ಯಂತ್ರ ಬರಬಹುದು. ಆ ಯಂತ್ರ ಕೆಟ್ಟಾಗ ಅದನ್ನು ಎಬ್ಬಿಸುವವನ ಕೆಲಸ ಅಷ್ಟು ಬೇಗ ಹೋಗದು. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ತಮಿಳು, ಕೆಲಸದಲ್ಲಿ ಒಂದಿಷ್ಟು ಇಂಗ್ಲಿಷ್ ಬಲ್ಲ ಗಡಿಯ ಹುಡುಗನಿಗೆ ಪೀಣ್ಯವೂ ಹೊಸೂರೂ ಎರಡೂ ತೆರೆದ ಬಾಗಿಲು.

ಈಗಲೇ ಏನು ಮಾಡಬಹುದು?

ಕಾನೂನು ಬರುವವರೆಗೆ ಕೈಕಟ್ಟಿ ಕೂರಬೇಕಿಲ್ಲ. ಯಂತ್ರ ಕೊಳ್ಳುವಾಗಲೇ ಕೈಪಿಡಿ, ಪ್ಯಾರಾಮೀಟರ್ ಪ್ರತಿ, ಎಷ್ಟು ವರ್ಷ ಬಿಡಿಭಾಗ ಕೊಡುತ್ತಾರೆ ಎಂಬ ಭರವಸೆ, ಇವನ್ನು ಕಾಗದದಲ್ಲಿ ಬರೆಸಿಕೊಳ್ಳಬೇಕು. ಚೌಕಾಸಿಯ ಶಕ್ತಿ ಇರುವುದು ಹಣ ಕೊಡುವ ಮೊದಲು ಮಾತ್ರ. ಪ್ಯಾರಾಮೀಟರ್‌ಗಳ ಇನ್ನೊಂದು ಪ್ರತಿಯನ್ನು ಯಂತ್ರದ ಹೊರಗೆ ಇಡಬೇಕು. ಬ್ಯಾಟರಿ ಇರುವ ಎನ್‌ಕೋಡರ್ ಆದರೆ 'ಬ್ಯಾಟರಿ ಲೋ' ಎಂದಾಗಲೇ, ಕೈಪಿಡಿ ಹೇಳುವಂತೆ ಯಂತ್ರ ಆನ್ ಇರುವಾಗ ಬದಲಿಸಬೇಕು. ಇಲ್ಲವಾದರೆ ಯಂತ್ರ ತಾನು ನಿಂತ ಜಾಗವನ್ನೇ ಮರೆತೀತು. ಒಂದೇ ಮಾಡೆಲ್ ಇಟ್ಟುಕೊಂಡ ನಾಲ್ಕು ಶೆಡ್‌ಗಳವರು ಸೇರಿ ಒಂದು ಸ್ಪೇರ್ ಡ್ರೈವ್ ಕೊಂಡಿಟ್ಟರೆ ಭಾರವೂ ಹಂಚಿಹೋಗುತ್ತದೆ.

ಸಣ್ಣ ಕೈಗಾರಿಕೆಗಳ ಸಂಘಗಳು ರಿಯಾಯಿತಿ, ಸಾಲ, ವಿದ್ಯುತ್ ದರದ ಬಗ್ಗೆ ಮನವಿ ಕೊಡುತ್ತಲೇ ಬಂದಿವೆ. ರಿಪೇರಿ ಹಕ್ಕಿನ ಪಟ್ಟಿಯಲ್ಲಿ ಕೈಗಾರಿಕಾ ಯಂತ್ರಗಳೂ ಸೇರಲಿ ಎಂಬ ಸಾಲೊಂದನ್ನು ಆ ಮನವಿಗೆ ಸೇರಿಸಲು ಇದು ಸಕಾಲ. ಸ್ವಂತ ದುಡ್ಡಿನಲ್ಲಿ ಕೊಂಡ ಯಂತ್ರದ ಒಳಗೇನಿದೆ ಎಂದು ತಿಳಿಯುವ ಹಕ್ಕಾದರೂ ಮಾಲೀಕನಿಗೆ ಬೇಡವೇ?