ಧಾರಾವಾಹಿ ಕೆಡಿಸಿದ್ದೇನು?



ಧಾರಾವಾಹಿಗಳು ಹೆಣ್ಣುಮಕ್ಕಳ ತಲೆ ಕೆಡಿಸುತ್ತವೆ ಎಂಬುದು ನಮ್ಮೂರ ಕಟ್ಟೆಗಳ ಮೇಲೆ ದಿನವೂ ಕೇಳುವ ಮಾತು. ಅರ್ಥಶಾಸ್ತ್ರಜ್ಞರಾದ ರಾಬರ್ಟ್ ಜೆನ್ಸನ್ ಮತ್ತು ಎಮಿಲಿ ಆಸ್ಟರ್ 2009ರಲ್ಲಿ ಪ್ರಕಟಿಸಿದ ಅಧ್ಯಯನ ಬೇರೆಯದನ್ನೇ ಹೇಳುತ್ತದೆ. 2001ರಿಂದ 2003ರ ನಡುವೆ ಹೊಸದಾಗಿ ಕೇಬಲ್ ಟಿವಿ ಬಂದ ಹಳ್ಳಿಗಳಲ್ಲಿ, ಗಂಡ ಹೊಡೆದರೆ ತಪ್ಪಿಲ್ಲ ಎನ್ನುವ ಹೆಂಗಸರು ಕಡಿಮೆಯಾದರು. ಗಂಡುಮಗುವೇ ಬೇಕೆಂಬ ಹಂಬಲವೂ ಇಳಿಯಿತು. ಬಿಹಾರ, ಹರಿಯಾಣ, ದೆಹಲಿ, ಗೋವಾ, ತಮಿಳುನಾಡುಗಳ ಲೆಕ್ಕವಿದು. ಎಡಬಲದ ಗೋವಾ, ತಮಿಳುನಾಡು ಇವೆ, ನಡುವಿನ ಕರ್ನಾಟಕವೇ ಇಲ್ಲ!

ಜಾತಿಯ ಮಾತಿಗೆ ಬಂದರೆ ನಮ್ಮದೇ ಉದಾಹರಣೆಯಿದೆ: 2020ರಲ್ಲಿ ಜೀ ಕನ್ನಡದಲ್ಲಿ ಶುರುವಾದ ‘ಮಹಾನಾಯಕ’. ಅಂಬೇಡ್ಕರರ ಬದುಕಿನ ಆ ಡಬ್ಬಿಂಗ್ ಧಾರಾವಾಹಿಗೆ ರಾಜ್ಯದ ಎಷ್ಟೋ ಊರುಗಳಲ್ಲಿ ಜನರೇ ಫ್ಲೆಕ್ಸ್ ಕಟ್ಟಿದರು. ಶಾಲೆಯಲ್ಲಿ ಅವರಿಗೆ ನೀರು ಮುಟ್ಟಗೊಡದ ಸಂಗತಿ ಪಠ್ಯದಲ್ಲಿ ಒಂದು ಸಾಲಾಗಿತ್ತು. ನಮ್ಮ ಓಣಿಯ ಮಕ್ಕಳ ಬಾಯಲ್ಲಿ ‘ಯಾಕ ಬಿಡಲಿಲ್ಲ?’ ಎಂಬ ಪ್ರಶ್ನೆಯಾಯಿತು. ಹಿರಿಯರು ತಡವರಿಸಿದರು, ನಾನೂ ಸಹ.

ಇಂಡಿ, ಸಿಂದಗಿ, ಬಸವನ ಬಾಗೇವಾಡಿ, ಮುದ್ದೇಬಿಹಾಳದ ಹಳ್ಳಿಗಳಲ್ಲಿ ಧಾರಾವಾಹಿಯ ಈ ಪರಿಣಾಮವನ್ನು ಅಳೆದು ನೋಡಬೇಕು. ಫ್ಲೆಕ್ಸ್ ಎಣಿಸಿದರೆ ಸಾಲದು. ಚಹಾದಂಗಡಿಯಲ್ಲಿ ಯಾರಿಗೆ ಯಾವ ಲೋಟ ಎಂದು ಕೇಳಬೇಕು. ವಿಜಯಪುರದ ಅಕ್ಕಮಹಾದೇವಿ ಮಹಿಳಾ ವಿಶ್ವವಿದ್ಯಾಲಯದವರು ಕೈಹಾಕಬಾರದೇಕೆ?

– ಓದುಗ, ಮುದ್ದೇಬಿಹಾಳ