ನಡುವಿನ ಪ್ರಾಕ್ಸಿಗೆ ಎಷ್ಟು ತಿಳಿದಿರಬೇಕು?

ಎಲ್‌ಡ್ಯಾಪ್ ಡೈರೆಕ್ಟರಿಗಳ ಮುಂದೆ ಏನಾದರೂ ಒಂದನ್ನು ಕೂರಿಸಬೇಕು ಎಂಬುದರಲ್ಲಿ ದೊಡ್ಡ ಜಾಲ ನೋಡಿಕೊಳ್ಳುವವರಿಗೆ ಹೆಚ್ಚು ತಕರಾರಿಲ್ಲ. ತಕರಾರು ಇರುವುದು ಅದಕ್ಕೆ ಎಷ್ಟು ಬುದ್ಧಿ ಕೊಡಬೇಕು ಎಂಬಲ್ಲಿ. ಬಂದ ಕನೆಕ್ಷನ್ನನ್ನು ಹಿಂದಿನ ಯಾವುದೋ ಸರ್ವರ್‌ಗೆ ತಳ್ಳಿ ಸುಮ್ಮನಾಗುವ ಟಿಸಿಪಿ ಲೋಡ್ ಬ್ಯಾಲೆನ್ಸರ್ ಸಾಕು, ಒಳಗಿನ ಮಾತು ಅದಕ್ಕೇಕೆ ಎನ್ನುತ್ತದೆ ಒಂದು ಪಕ್ಷ. ಪ್ರತಿ ವಿನಂತಿಯನ್ನೂ ಬಿಚ್ಚಿ ನೋಡಿ, ಇದು ಓದೋ ಬರಹವೋ, ಡೈರೆಕ್ಟರಿ ಮರದ ಯಾವ ಕೊಂಬೆಗೆ ಸೇರಿದ್ದು, ಕೇಳುತ್ತಿರುವವರು ಯಾರು ಎಂದು ತಿಳಿದು ದಾರಿ ಹಾಕುವ ಡೈರೆಕ್ಟರಿ ಪ್ರಾಕ್ಸಿಯೇ ಬೇಕು ಎನ್ನುತ್ತದೆ ಇನ್ನೊಂದು. ಎರಡರಲ್ಲೂ ಹುರುಳಿದೆ.

ಇಂದಿನ ಎಲ್‌ಡ್ಯಾಪ್‌ನ ವಿನ್ಯಾಸ ಮಧ್ಯವರ್ತಿಯನ್ನು ನೆಚ್ಚಿಕೊಂಡಿಲ್ಲ. ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ಬೆಳೆದು 1993ರಲ್ಲಿ ಆರ್‌ಎಫ್‌ಸಿ 1487 ಆಗಿ ಪ್ರಕಟವಾದ ಎಲ್‌ಡ್ಯಾಪ್, 1997ರ ಮೂರನೇ ಆವೃತ್ತಿಯಲ್ಲಿ ರೆಫರಲ್ ಎಂಬ ಏರ್ಪಾಟನ್ನು ಸೇರಿಸಿಕೊಂಡಿತು. ಕೇಳಿದ್ದು ತನ್ನಲ್ಲಿ ಇಲ್ಲದಿದ್ದರೆ ಸರ್ವರ್ ಬೇರೆ ಸರ್ವರ್‌ನ ವಿಳಾಸ ಕೊಡುತ್ತದೆ; ಅಲ್ಲಿಗೆ ಹೋಗುವ ಕೆಲಸ ಕ್ಲೈಂಟಿನದು. ಕಾಗದದ ಮೇಲೆ ಚೆಂದ. ಆದರೆ ಎಷ್ಟೋ ಅಪ್ಲಿಕೇಶನ್‌ಗಳು ರೆಫರಲ್ ಬಂದರೆ ದೋಷ ಬಂತೆಂದೇ ತಿಳಿಯುತ್ತವೆ. ಕೆಲವು ಹೊಸ ಸರ್ವರ್‌ಗೆ ಹೋಗುತ್ತವೆ, ಗುರುತು ಹೇಳದೆ ಹೋಗುತ್ತವೆ. ಮಾರಿದ ಕಂಪನಿ ಕೈಬಿಟ್ಟ ಹಳೇ ಪ್ಯಾಕೇಜನ್ನು ತಿದ್ದಿಸುವುದಕ್ಕಿಂತ ನಡುವೆ ಒಂದು ಪ್ರಾಕ್ಸಿ ಇಡುವುದು ಅಗ್ಗ.

ಸನ್ ಮೈಕ್ರೋಸಿಸ್ಟಮ್ಸ್ ರೂಪಿಸಿ, 2010ರಲ್ಲಿ ಒರಾಕಲ್ ಕೈಗೆ ಹೋದ ಡೈರೆಕ್ಟರಿ ಪ್ರಾಕ್ಸಿ ಸರ್ವರನ್ನೇ ತೆಗೆದುಕೊಳ್ಳೋಣ. ಅದರ ಸಂರಚನೆ ಮೆಟ್ಟಿಲು ಮೆಟ್ಟಿಲಾಗಿದೆ. ಹಿಂದಿನ ಪ್ರತಿ ಸರ್ವರ್ ಒಂದು ಡೇಟಾ ಸೋರ್ಸ್. ಒಂದೇ ದತ್ತಾಂಶದ ಪ್ರತಿಗಳಿರುವ ಸೋರ್ಸ್‌ಗಳೆಲ್ಲ ಸೇರಿ ಒಂದು ಪೂಲ್. ಮರದ ಯಾವ ಕೊಂಬೆ ಯಾವ ಪೂಲ್‌ಗೆ ಹೋಗಬೇಕೆಂದು ಹೇಳುವುದು ಡೇಟಾ ವ್ಯೂ. ಇವೆಲ್ಲಕ್ಕೂ ಮುಂಚೆ, ಕ್ಲೈಂಟಿನ ಐಪಿ ವಿಳಾಸ ಅಥವಾ ಬೈಂಡ್ ಮಾಡಿದ, ಅಂದರೆ ಗುರುತು ಸಾಬೀತುಪಡಿಸಿದ, ಡಿಎನ್ (ಎಂಟ್ರಿಯ ಪೂರ್ಣ ಹೆಸರು) ನೋಡಿ ಯಾರಿಗೆ ಯಾವ ವ್ಯೂ ಕಾಣಬೇಕೆಂದು ತೀರ್ಮಾನಿಸುವ ಕನೆಕ್ಷನ್ ಹ್ಯಾಂಡ್ಲರ್ ಇದೆ. ಪೂಲ್ ಒಳಗೆ ಸರ್ಚ್, ಬೈಂಡ್, ಆ್ಯಡ್, ಮಾಡಿಫೈ, ಡಿಲೀಟ್ ಒಂದೊಂದಕ್ಕೂ ಬೇರೆ ಬೇರೆ ತೂಕ. ಹೊಸದಾಗಿ ಪೂಲ್‌ಗೆ ಸೇರಿಸಿದ ಸರ್ವರ್‌ಗೆ ಈ ತೂಕಗಳು ಮೊದಲಿಗೆ ನಿಷ್ಕ್ರಿಯವಾಗಿಯೇ ಇರುತ್ತವೆ. ಸರ್ವರ್ ಸೇರಿಸಿ, ಪರೀಕ್ಷೆ ಮಾಡಿ, ಒಂದೂ ವಿನಂತಿ ಅತ್ತ ಹೋಗದ್ದು ನೋಡಿ ನೆಟ್‌ವರ್ಕ್‌ನವರನ್ನು ಬೈಯುವ ಹೊಸಬರಿಗೆ ಕೊರತೆಯಿಲ್ಲ.

ಇಷ್ಟು ಕಷ್ಟ ಪಡುವುದು ಏಕೆ? ಮೊದಲ ಕಾರಣ ಎಲ್‌ಡ್ಯಾಪ್ ಕನೆಕ್ಷನ್‌ಗಳ ಆಯುಸ್ಸು. ವೆಬ್ ವಿನಂತಿಯ ಹಾಗೆ ಅವು ಬಂದು ಹೋಗುವುದಿಲ್ಲ. ಅಪ್ಲಿಕೇಶನ್ ಶುರುವಾದಾಗ ಹತ್ತಿಪ್ಪತ್ತು ತೆರೆದು ವಾರಗಟ್ಟಲೆ ಹಿಡಿದುಕೊಂಡಿರುತ್ತದೆ. ಟಿಸಿಪಿ ಬ್ಯಾಲೆನ್ಸರ್ ಯೋಚಿಸುವುದು ಕನೆಕ್ಷನ್ ತೆರೆಯುವ ಆ ಒಂದು ಕ್ಷಣ ಮಾತ್ರ. ಎರಡು ಸರ್ವರ್‌ಗಳಲ್ಲಿ ಒಂದನ್ನು ಮರುಚಾಲನೆ ಮಾಡಿದರೆ ಎಲ್ಲರೂ ಇನ್ನೊಂದಕ್ಕೆ ಓಡಿ ಅಲ್ಲೇ ಬೀಡು ಬಿಡುತ್ತಾರೆ. ಮರಳಿ ಎದ್ದ ಸರ್ವರ್ ಖಾಲಿ ಕೂತಿರುತ್ತದೆ. ಪ್ರಾಕ್ಸಿಯಾದರೆ ಕನೆಕ್ಷನ್ ಲೆಕ್ಕ ಬಿಟ್ಟು ಒಂದೊಂದು ಕಾರ್ಯಾಚರಣೆಯನ್ನೇ ಹಂಚಬಲ್ಲದು. 389ನೇ ಪೋರ್ಟ್ ತೆರೆದಿದ್ದರೂ ಹಿಂದಿನ ಡೇಟಾಬೇಸ್ ಇನ್ನೂ ತುಂಬುತ್ತಿದೆ ಎಂಬುದು ಅದಕ್ಕೆ ಒಂದು ಸರ್ಚ್ ಮಾಡಿ ನೋಡಿದರೆ ಗೊತ್ತಾಗುತ್ತದೆ. ಇಷ್ಟರಮಟ್ಟಿಗೆ ಪ್ರಾಕ್ಸಿ ಪಕ್ಷದ ವಾದವನ್ನು ಅಲ್ಲಗಳೆಯುವುದು ಕಷ್ಟ.

ಓದನ್ನೂ ಬರಹವನ್ನೂ ಬೇರೆ ಮಾಡುವುದಕ್ಕೆ ಬಂದಾಗ ಮಾತು ಬಿಗಿಯಾಗುತ್ತದೆ. ಬರಹಗಳೆಲ್ಲ ಮಾಸ್ಟರ್‌ಗೆ, ಓದುಗಳೆಲ್ಲ ರೆಪ್ಲಿಕಾಗಳಿಗೆ ಎಂಬ ನಿಯಮ ಎಲ್ಲರೂ ಮೊದಲು ಬರೆಯುವ ನಿಯಮ. ಉದ್ಯೋಗಿಯೊಬ್ಬರು ಪಾಸ್‌ವರ್ಡ್ ಬದಲಿಸುತ್ತಾರೆ. ಅದು ಮಾಸ್ಟರ್‌ಗೆ ಹೋಯಿತು. ಮರುಕ್ಷಣ ಮೇಲ್ ತೆರೆಯುತ್ತಾರೆ; ಆ ಬೈಂಡ್ ರೆಪ್ಲಿಕಾಗೆ ಹೋಯಿತು, ಬದಲಾವಣೆ ಅಲ್ಲಿಗಿನ್ನೂ ತಲುಪಿಲ್ಲ. ಉತ್ತರ: 49, ಗುರುತು ಸರಿಯಿಲ್ಲ. ತಾನೇ ತಪ್ಪು ಒತ್ತಿದೆನೆಂದು ಮತ್ತೆ ಮತ್ತೆ ಪ್ರಯತ್ನಿಸಿ ಖಾತೆ ಲಾಕ್ ಆಗುತ್ತದೆ. ಇದಕ್ಕೆ ಪ್ರಾಕ್ಸಿಯಲ್ಲಿ ಮದ್ದಿದೆ, ಕ್ಲೈಂಟ್ ಅಫಿನಿಟಿ ಎಂದು: ಬರೆದ ಕ್ಲೈಂಟಿನ ಮುಂದಿನ ಓದುಗಳನ್ನು ಸ್ವಲ್ಪ ಹೊತ್ತು ಅದೇ ಸರ್ವರ್‌ಗೆ ಕಳಿಸುವುದು. ಆದರೆ ಅಫಿನಿಟಿ ಅಂಟುವುದು ಕನೆಕ್ಷನ್‌ಗೆ, ಮನುಷ್ಯನಿಗಲ್ಲ. ಪಾಸ್‌ವರ್ಡ್ ಬದಲಿಸುವ ಪುಟ ಒಂದು ಕ್ಲೈಂಟ್, ಮೇಲ್ ಸರ್ವರ್ ಇನ್ನೊಂದು. ಈ ಮದ್ದು ಇಲ್ಲಿ ನಾಟುವುದಿಲ್ಲ. ಬೈಂಡ್‌ಗಳನ್ನೂ ಮಾಸ್ಟರ್‌ಗೇ ಕಳಿಸಿದರೆ ತೊಂದರೆ ತಪ್ಪುತ್ತದೆ, ಆದರೆ ಇಳಿಸಬೇಕೆಂದಿದ್ದ ಹೊರೆ ಮಾಸ್ಟರ್ ತಲೆಗೇ ಮರಳುತ್ತದೆ. ಅಷ್ಟಕ್ಕೂ ಲಾಕ್ ಮಾಡುವ ನೀತಿಯಿದ್ದಲ್ಲಿ ವಿಫಲ ಬೈಂಡ್ ಒಂದು ಎಣಿಕೆಯನ್ನು ಬರೆಯುತ್ತದೆ. ಓದಿನ ಸಾಲಿನಲ್ಲಿ ನಿಂತ ಬರಹ ಅದು.

ಸರಳ ಬ್ಯಾಲೆನ್ಸರ್‌ನವರು ಇಲ್ಲಿ ನಗುತ್ತಾರೆ, ನಗುವ ಹಕ್ಕೂ ಅವರಿಗಿದೆ. ಅವರ ಇನ್ನೊಂದು ವಾದ ಗುರುತಿನದು. ಎಲ್‌ಡ್ಯಾಪ್‌ನಲ್ಲಿ ಕನೆಕ್ಷನ್ನೇ ಗುರುತನ್ನು ಹೊತ್ತಿರುತ್ತದೆ. ಪ್ರಾಕ್ಸಿ ಹಲವರ ವಿನಂತಿಗಳನ್ನು ಕೆಲವೇ ಕನೆಕ್ಷನ್‌ಗಳಲ್ಲಿ ಸಾಗಿಸಬೇಕೆಂದರೆ ತನ್ನ ಹೆಸರಿನಲ್ಲಿ ಬೈಂಡ್ ಮಾಡಿ, 2006ರ ಆರ್‌ಎಫ್‌ಸಿ 4370 ಹೇಳುವ ಪ್ರಾಕ್ಸೀಡ್ ಆಥರೈಸೇಶನ್ ಕಂಟ್ರೋಲ್ ಮೂಲಕ ಇಂಥವರ ಪರವಾಗಿ ಕೇಳುತ್ತಿದ್ದೇನೆ ಎನ್ನಬೇಕು. ಅಂದರೆ ಯಾರ ಹೆಸರಿನಲ್ಲೂ ಮಾತಾಡಬಲ್ಲ ಒಂದು ಖಾತೆ ಹುಟ್ಟಿತು. ಅದರ ಪಾಸ್‌ವರ್ಡ್ ಸೋರಿದರೆ? ಇದರ ಜೊತೆಗೆ ಹಿಂದಿನ ಸರ್ವರ್‌ನ ಲಾಗ್‌ನಲ್ಲಿ ಎಲ್ಲ ವಿನಂತಿಗಳೂ ಪ್ರಾಕ್ಸಿಯ ಐಪಿಯಿಂದಲೇ ಬಂದಂತೆ ಕಾಣುತ್ತವೆ. ಐಪಿ ನೋಡಿ ಅನುಮತಿ ಕೊಡುತ್ತಿದ್ದ ನಿಯಮಗಳು ಕೆಲಸಕ್ಕೆ ಬಾರದಾಗುತ್ತವೆ. ಪುಟ ಪುಟವಾಗಿ ಫಲಿತಾಂಶ ಕೇಳುವ ಸರ್ಚ್‌ನಲ್ಲಿ ಮೊದಲ ಪುಟ ಕೊಟ್ಟ ಸರ್ವರ್‌ನ ಕುಕಿ ಎರಡನೇ ಸರ್ವರ್‌ಗೆ ಅರ್ಥವಾಗದು.

ದತ್ತಾಂಶವನ್ನೇ ತುಂಡು ಮಾಡಿ ಹಂಚುವ ರೂಟಿಂಗ್ ಬಗ್ಗೆ ನನ್ನ ಅನುಮಾನ ಇನ್ನೂ ಹೆಚ್ಚು. ಸಂಖ್ಯೆಯ ಮೇಲೆ, ಅಕ್ಷರದ ಮೇಲೆ, ಮಾದರಿಯ ಮೇಲೆ ಹಂಚಬಹುದು. ನಮ್ಮ ಹೆಸರುಗಳನ್ನು ಇಂಗ್ಲಿಷ್ ಮೊದಲಕ್ಷರದಿಂದ ಹಂಚಿದರೆ ಎಸ್ ಇರುವ ಸರ್ವರ್‌ನ ಗತಿ ಊಹಿಸಿಕೊಳ್ಳಿ. ಅದಕ್ಕಿಂತ ದೊಡ್ಡ ಸಂಗತಿಯೆಂದರೆ, ಸಾಮಾನ್ಯ ಲಾಗಿನ್ ಪುಟ ಡಿಎನ್ ಹಿಡಿದುಕೊಂಡು ಬರುವುದಿಲ್ಲ. ಮೊದಲು ಮರದ ಬುಡದಿಂದ ಇ-ಮೇಲ್ ವಿಳಾಸ ಹುಡುಕಿ, ಸಿಕ್ಕ ಡಿಎನ್‌ನಿಂದ ಬೈಂಡ್ ಮಾಡುತ್ತದೆ. ಯಾವ ತುಂಡಿನಲ್ಲಿದೆಯೆಂದು ಹೇಳುವ ಪ್ರತ್ಯೇಕ ಸೂಚಿ ಇಲ್ಲದಿದ್ದರೆ ಪ್ರಾಕ್ಸಿ ಎಲ್ಲ ತುಂಡುಗಳನ್ನೂ ಕೇಳಬೇಕು. ನಾಲ್ಕು ಸರ್ವರ್‌ಗೆ ಹಂಚಿದ ಹೊರೆ ನಾಲ್ಕರ ಮೇಲೂ ಪೂರ್ತಿ ಬಿತ್ತು. ಒಂದು ತುಂಡಿನಿಂದ ಇನ್ನೊಂದಕ್ಕೆ ಎಂಟ್ರಿಯನ್ನು ಮರುಹೆಸರಿಸಿ ಸಾಗಿಸುವಂತಿಲ್ಲ. ಇಂಥ ನಿರಾಕರಣೆಗೆಂದೇ ಪ್ರೋಟೋಕಾಲ್ 71 ಎಂಬ ಸಂಕೇತವನ್ನು ಇಟ್ಟಿದೆ.

ಆದರೂ ಹಂಚಲೇಬೇಕಾದ ಜಾಗಗಳಿವೆ. ರೆಪ್ಲಿಕಾ ಹೆಚ್ಚಿಸಿದರೆ ಓದುವ ಶಕ್ತಿ ಹೆಚ್ಚುತ್ತದೆ, ಬರೆಯುವ ಶಕ್ತಿ ಹೆಚ್ಚುವುದಿಲ್ಲ; ಪ್ರತಿ ಬರಹವನ್ನೂ ಪ್ರತಿ ರೆಪ್ಲಿಕಾ ತಾನೂ ಮಾಡಬೇಕು. ಕೆಲವು ಲಕ್ಷ ಎಂಟ್ರಿಗಳ ಕಂಪನಿಗೆ ಇದು ತಟ್ಟದು. ಮೊಬೈಲ್ ಜಾಲದ ಚಂದಾದಾರರ ದತ್ತಾಂಶಕ್ಕೆ ತಟ್ಟುತ್ತದೆ: ಫೋನ್ ಒಂದೆಡೆಯಿಂದ ಇನ್ನೊಂದೆಡೆ ಸರಿದಂತೆಲ್ಲ ಬರಹ. 3ಜಿಪಿಪಿ ಮಾನದಂಡವೂ ಇಂಥ ದತ್ತಾಂಶ ಭಂಡಾರದ ಜೊತೆ ಮಾತಾಡಲು ಎಲ್‌ಡ್ಯಾಪನ್ನು ಒಪ್ಪಿಕೊಂಡಿದೆ. ಅಲ್ಲಿ ಪ್ರತಿ ವಿನಂತಿಯೂ ಚಂದಾದಾರರ ಸಂಖ್ಯೆ ಹೊತ್ತೇ ಬರುವುದರಿಂದ ದಾರಿ ಹಾಕುವುದು ಸಲೀಸು.

ನಡುದಾರಿಯೂ ಹುಟ್ಟಿದೆ. 2021ರ ಓಪನ್‌ಎಲ್‌ಡ್ಯಾಪ್ 2.5ರ ಜೊತೆ ಬಂದ ಎಲ್‌ಲೋಡ್‌ಡಿ, ಕಾರ್ಯಾಚರಣೆಗಳನ್ನು ಒಂದೊಂದಾಗಿ ಹಂಚುವಷ್ಟು ಎಲ್‌ಡ್ಯಾಪ್ ಬಲ್ಲದು. ಮರದ ಕೊಂಬೆ ನೋಡಿ ದಾರಿ ಹಾಕುವ ಉಸಾಬರಿಗೆ ಹೋಗುವುದಿಲ್ಲ. ಒಂದೇ ಮರ, ನಾಲ್ಕಾರು ರೆಪ್ಲಿಕಾ ಇರುವ ಕಡೆ ನಾನು ಮೊದಲು ಇದನ್ನೇ ನೋಡುತ್ತೇನೆ. ಕಂಪನಿಗಳು ವಿಲೀನವಾಗಿ ಎರಡು ಬೇರೆ ಬೇರೆ ಮರಗಳನ್ನು ಒಂದೇ ಬಾಗಿಲಿನಿಂದ ತೋರಿಸಬೇಕಾದಾಗ ಪೂರ್ಣ ಪ್ರಾಕ್ಸಿಗೆ ಪರ್ಯಾಯ ಕಾಣುವುದಿಲ್ಲ.

ಅಂಥ ಕಡೆ ಒಂದು ಸೆಟ್ಟಿಂಗ್ ಬಗ್ಗೆ ನನ್ನ ಮತ ಖಚಿತ. ಸನ್‌ನ ಪ್ರಾಕ್ಸಿಯಲ್ಲಿ ಬೇರಾವ ವ್ಯೂಗೂ ಸೇರದ ವಿನಂತಿಗಳನ್ನು ಹಿಡಿಯಲು ರೂಟ್ ಡೇಟಾ ವ್ಯೂ ಎಂಬುದಿದೆ. ಏನೂ ಬಿದ್ದುಹೋಗದಿರಲಿ ಎಂದು ಅದನ್ನು ಹಳೆಯ ಪೂಲ್‌ಗೆ ಜೋಡಿಸಿಡುವವರಿದ್ದಾರೆ. ವಲಸೆಯ ವಾರದಲ್ಲಿ ಅದು ಸರಿಯೇ. ವಲಸೆ ಮುಗಿದ ಮೇಲೂ ಹಾಗೇ ಉಳಿದರೆ, ಡಿಎನ್ ತಪ್ಪಾಗಿ ಬರೆದ ಅಪ್ಲಿಕೇಶನ್‌ಗೂ ಹಳೇ ಸರ್ವರ್‌ನಿಂದ ಹಳೇ ಉತ್ತರ ಸಿಗುತ್ತಿರುತ್ತದೆ, ಆ ಸರ್ವರನ್ನು ಬಂದ್ ಮಾಡುವ ದಿನದವರೆಗೂ ಯಾರಿಗೂ ತಿಳಿಯುವುದಿಲ್ಲ.