ಬೀಟೆಯ ಮೇಲೆ ಹೊರಿಸಿದ ನಾದ

ಗಿಟಾರ್ ನುಡಿಸಲು ಕಲಿತವರಲ್ಲಿ ಕೆಲವರಿಗೆ ಒಂದು ಹಂತದಲ್ಲಿ ಗಿಟಾರನ್ನೇ ಮಾಡಿಬಿಡುವ ಹುಚ್ಚು ಹತ್ತುತ್ತದೆ. ಬೆಂಗಳೂರಿನಲ್ಲಿ ಅಂಥ ನಾಲ್ಕಾರು ಜನ ನನಗೆ ಗೊತ್ತು. ವಾರವಿಡೀ ಕಂಪ್ಯೂಟರ್ ಮುಂದೆ ಕೂತು, ಶನಿವಾರ ಬಂತೆಂದರೆ ಬಾಲ್ಕನಿಯಲ್ಲಿ ಮರದ ಹುಡಿ ಎಬ್ಬಿಸಿ ಮನೆಯವರಿಂದ ಬೈಸಿಕೊಳ್ಳುವ ಸಜ್ಜನರು. ಹೊಸದಾಗಿ ಈ ಕೆಲಸಕ್ಕೆ ಇಳಿದವರ ಮೊದಲ ಪ್ರಶ್ನೆ ಹೆಚ್ಚುಕಮ್ಮಿ ಒಂದೇ: ಮರ ಯಾವುದು ಹಾಕಲಿ? ಕೇಳುವಾಗಲೇ ಉತ್ತರವೂ ಅವರ ಬಾಯಲ್ಲೇ ಇರುತ್ತದೆ: ಬೀಟೆ. ನಮ್ಮ ಪಶ್ಚಿಮ ಘಟ್ಟದ ಬೀಟೆ ಜಗತ್ತಿನ ಹೆಸರಾಂತ ಗಿಟಾರ್ ಕಾರ್ಖಾನೆಗಳಿಗೆ ಹೋಗುತ್ತದೆ ಎಂಬ ಹೆಮ್ಮೆಯೂ ಆ ಉತ್ತರದಲ್ಲಿ ಬೆರೆತಿರುತ್ತದೆ.

ಹೆಮ್ಮೆಗೆ ನನ್ನ ತಕರಾರಿಲ್ಲ. ಅದರ ಬೆನ್ನಿಗಿರುವ ನಂಬಿಕೆಯ ಬಗ್ಗೆ ಮಾತ್ರ ಸ್ವಲ್ಪ ಇದೆ. ಗಿಟಾರಿನ ನಾದ ಅದರ ಬೆನ್ನು ಮತ್ತು ಪಕ್ಕದ ಹಲಗೆಗಳ ಮರದಲ್ಲಿ ಕೂತಿದೆ, ಹಾಗಾಗಿ ಮೊದಲ ಗಿಟಾರಿಗೇ ಕೈಲಾದಷ್ಟು ಒಳ್ಳೆಯ ಮರ ತರಬೇಕು ಎಂಬುದು ಆ ನಂಬಿಕೆ. ನುರಿತವರ ಮಟ್ಟಿಗೆ ಇದು ಮುಕ್ಕಾಲು ತಪ್ಪು, ಹೊಸಬರ ಮಟ್ಟಿಗೆ ಪೂರಾ ತಪ್ಪು ಎಂದು ನನ್ನ ಎಣಿಕೆ.

ಬೀಟೆಗೆ ಈ ಪಟ್ಟ ಬಂದ ಬಗೆಯನ್ನೇ ನೋಡಿ. ಅಮೆರಿಕದ ಮಾರ್ಟಿನ್ ಕಂಪನಿ ತನ್ನ ಮೇಲ್ದರ್ಜೆಯ ಗಿಟಾರುಗಳಿಗೆ ಬಹುಕಾಲ ಬ್ರೆಜಿಲ್‌ನ ರೋಸ್‌ವುಡ್ ಬಳಸುತ್ತಿತ್ತು. 1960ರ ದಶಕದ ಕೊನೆಗೆ ಬ್ರೆಜಿಲ್ ದಿಮ್ಮಿಗಳ ರಫ್ತಿಗೆ ತಡೆ ಹಾಕಿತು; 1969ರಲ್ಲಿ ಮಾರ್ಟಿನ್ ಅದೇ ಕುಲದ ಭಾರತದ ಬೀಟೆಗೆ ಹೊರಳಿತು. ಬದಲಿಗೆ ಬಂದ ಮರವನ್ನು ಕಂಡು ರಸಿಕರು ಮೂಗು ಮುರಿದರು. ಆ ವರ್ಷಕ್ಕಿಂತ ಹಿಂದಿನ ಮಾರ್ಟಿನ್‌ಗಳಿಗೆ ಇವತ್ತಿಗೂ ಬೇರೆಯೇ ಬೆಲೆ. 1992ರಲ್ಲಿ ಬ್ರೆಜಿಲ್ ಮರ, ಅಪಾಯದಲ್ಲಿರುವ ಜೀವಿಗಳ ವ್ಯಾಪಾರಕ್ಕೆ ಕಡಿವಾಣ ಹಾಕುವ ಸೈಟಿಸ್ ಒಪ್ಪಂದದ ಮೊದಲ ಅನುಬಂಧ ಸೇರಿ, ಅದರ ವ್ಯಾಪಾರವೇ ಬಹುಮಟ್ಟಿಗೆ ನಿಂತಿತು. ಅಷ್ಟರಲ್ಲಿ ನಮ್ಮ ಬೀಟೆ ಸದ್ದಿಲ್ಲದೆ ಮೇಲಿನ ಮೆಟ್ಟಿಲಿಗೆ ಏರಿತ್ತು. 2017ರಲ್ಲಿ ಬೀಟೆಯೂ ಸೇರಿ ಆ ಕುಲದ ಉಳಿದ ಮರಗಳೆಲ್ಲ ಎರಡನೇ ಅನುಬಂಧಕ್ಕೆ ಬಂದವು. ತಯಾರಾದ ವಾದ್ಯಗಳಿಗೆ ವಿನಾಯಿತಿ ಸಿಕ್ಕಿದ್ದು 2019ರಲ್ಲಿ. ನಡುವಿನ ಎರಡು ಮೂರು ವರ್ಷ ಕಾಗದಪತ್ರಗಳ ಕಾಟಕ್ಕೆ ಬೇಸತ್ತು ಕೆಲವು ತಯಾರಕರು ಬೇರೆ ಮರ ಹುಡುಕಿದರು. ಈ ಅರವತ್ತು ವರ್ಷದಲ್ಲಿ ಬೀಟೆಯ ಎಳೆ ಬದಲಾಗಲಿಲ್ಲ, ತೂಕ ಬದಲಾಗಲಿಲ್ಲ. ಅದರ ನಾದದ ಬಗ್ಗೆ ಜನರ ಮಾತು ಮಾತ್ರ ಅಗ್ಗದ ಬದಲಿಯಿಂದ ಅಪರೂಪದ ರತ್ನದವರೆಗೆ ಹೋಗಿಬಂತು. ಕಿವಿ ಹೇಳುತ್ತಿದ್ದದ್ದು ಮರದ ಗುಣವನ್ನೋ, ಅದು ಸಿಗುವ ಕಷ್ಟವನ್ನೋ?

ಈ ಅನುಮಾನ ಹೊಸದಲ್ಲ. ಇಂದಿನ ಕ್ಲಾಸಿಕಲ್ ಗಿಟಾರಿಗೆ ರೂಪ ಕೊಟ್ಟವನೆಂದು ಎಲ್ಲರೂ ಒಪ್ಪುವ ಆಂಟೊನಿಯೊ ದೆ ತೊರೆಸ್ ಸ್ಪೇನಿನ ಅಲ್ಮೆರಿಯಾದವನು, ಬಡಗಿಯಾಗಿ ಕೈ ಪಳಗಿಸಿಕೊಂಡವನು. ಅವನು 1862ರಲ್ಲಿ ಒಂದು ವಿಚಿತ್ರ ಗಿಟಾರ್ ಮಾಡಿದ. ಮೇಲ್ಹಲಗೆ ಎಂದಿನಂತೆ ಸ್ಪ್ರೂಸ್. ಬೆನ್ನು ಮತ್ತು ಪಕ್ಕ ಮಾತ್ರ ರಟ್ಟಿನವು. ಹೌದು, ಕಾಗದದ ರಟ್ಟು. ನಾದ ಹುಟ್ಟುವುದು ಮೇಲ್ಹಲಗೆಯಲ್ಲಿ ಎಂದು ತೋರಿಸುವುದಷ್ಟೇ ಅವನ ಉದ್ದೇಶವಾಗಿತ್ತು. ಆ ವಾದ್ಯ ಈಗ ಬಾರ್ಸಿಲೋನಾದ ಸಂಗೀತ ವಸ್ತುಸಂಗ್ರಹಾಲಯದಲ್ಲಿದೆ.

ಇಲ್ಲಿ ಜಾಣ ಓದುಗರು ನನ್ನನ್ನು ತಡೆಯಬಹುದು: ರಟ್ಟೇ ಸಾಕಾಗಿದ್ದರೆ ತೊರೆಸ್ ಉಳಿದ ಗಿಟಾರುಗಳಿಗೆಲ್ಲ ಒಳ್ಳೆಯ ಮರವನ್ನೇ ಯಾಕೆ ಹಾಕಿದ? ನ್ಯಾಯವಾದ ಪ್ರಶ್ನೆ. ರಟ್ಟು ಬಾಳಿಕೆ ಬರುವುದಿಲ್ಲ, ಅದನ್ನು ಕೊಳ್ಳುವವರೂ ಇಲ್ಲ, ಅವನಿಗೂ ಹೊಟ್ಟೆಪಾಡಿತ್ತು. ಅವನು ರೋಸ್‌ವುಡ್ ಬಳಸಿದ, ಮೇಪಲ್ ಬಳಸಿದ, ಅಗ್ಗದ ಸೈಪ್ರೆಸ್ ಕೂಡ ಬಳಸಿದ. ಮೇಲ್ಹಲಗೆಯ ಕಲ್ಪನೆ ಮಾತ್ರ ಎಲ್ಲದರಲ್ಲೂ ಅವನದೇ.

ಒಬ್ಬನ ಹಟವನ್ನು ಪುರಾವೆ ಎನ್ನಲಾಗದು ಎನ್ನುವವರಿಗೆ 2018ರ ಇಂಗ್ಲೆಂಡಿನ ಒಂದು ಅಧ್ಯಯನವಿದೆ. ಲ್ಯಾಂಕಾಸ್ಟರ್ ವಿಶ್ವವಿದ್ಯಾಲಯದ ಸಂಶೋಧಕರು ಒಬ್ಬನೇ ತಯಾರಕನಿಂದ ಆರು ಸ್ಟೀಲ್ ತಂತಿಯ ಗಿಟಾರ್ ಮಾಡಿಸಿದರು. ವಿನ್ಯಾಸ ಒಂದೇ, ಬೆನ್ನು ಮತ್ತು ಪಕ್ಕದ ಮರ ಮಾತ್ರ ಬೇರೆ ಬೇರೆ: ಬ್ರೆಜಿಲ್ ರೋಸ್‌ವುಡ್, ನಮ್ಮ ಬೀಟೆ, ಮಹಾಗನಿ, ಮೇಪಲ್, ಸಪೆಲಿ, ವಾಲ್‌ನಟ್. ಮಬ್ಬು ಬೆಳಕಿನ ಕೋಣೆಯಲ್ಲಿ, ಕಣ್ಣಿಗೆ ವೆಲ್ಡಿಂಗ್ ಮಾಡುವವರ ಕಪ್ಪು ಕನ್ನಡಕ ಹಾಕಿಸಿ, 52 ಗಿಟಾರ್ ವಾದಕರಿಂದ ನುಡಿಸಿ ಅಂಕ ಹಾಕಿಸಿದರು. ಆರಕ್ಕೂ ಬಂದ ಅಂಕ ಹೆಚ್ಚುಕಮ್ಮಿ ಸಮ. ದುಬಾರಿ ಮರಕ್ಕೂ ಅಗ್ಗದ ಮರಕ್ಕೂ ಕಿವಿ ಹೇಳಿಕೊಳ್ಳುವಂಥ ಅಂತರ ಮಾಡಲಿಲ್ಲ. ಆರೇ ಆರು ಗಿಟಾರಿನಿಂದ ಲೋಕಕ್ಕೆಲ್ಲ ತೀರ್ಪು ಕೊಡಲು ಬರುವುದಿಲ್ಲ, ಒಪ್ಪುತ್ತೇನೆ. ಆದರೆ ಬೀಟೆಯ ಪಕ್ಷದವರು ಹೇಳುವ ಅಂತರ ಅಷ್ಟು ದೊಡ್ಡದೇ ಆಗಿದ್ದರೆ ಆ ಕಪ್ಪು ಕನ್ನಡಕದೊಳಗಿಂದಲೂ ಕೇಳಿಸಬೇಕಿತ್ತಲ್ಲ.

ಅಮೆರಿಕದ ಟೇಲರ್ ಕಂಪನಿ 1995ರಲ್ಲಿ ಗೋದಾಮಿನ ಓಕ್ ಪ್ಯಾಲೆಟ್ಟಿನ ಹಲಗೆಗಳಿಂದ ಗಿಟಾರ್ ಮಾಡಿ, ಅದರ ಮೇಲೆ ಫೋರ್ಕ್‌ಲಿಫ್ಟಿನ ಚಿತ್ರ ಕೆತ್ತಿ ಕೂರಿಸಿ, ವ್ಯಾಪಾರ ಮೇಳಕ್ಕೆ ಒಯ್ದಿತ್ತು. ತಮಾಷೆ ಅವರದು, ಕುಶಲತೆಯೂ ಅವರದು. ಪಳಗಿದ ಕೈ ಪ್ಯಾಲೆಟ್ಟಿನಿಂದಲೂ ನಾದ ತೆಗೆಯುತ್ತದೆ ಎಂಬುದು ಹೊಸಬರಿಗೆ ಅಷ್ಟೇನೂ ಸಮಾಧಾನದ ಸುದ್ದಿಯಲ್ಲ.

ಹಾಗಾದರೆ ಹೊಸಬರು ತಲೆ ಕೆಡಿಸಿಕೊಳ್ಳಬೇಕಾದದ್ದು ಎಲ್ಲಿ? ಮೊದಲು ಮೇಲ್ಹಲಗೆಯ ದಪ್ಪದಲ್ಲಿ. ಸ್ಟೀಲ್ ತಂತಿಗಳನ್ನು ಶ್ರುತಿಗೆ ಬಿಗಿದರೆ ಆರೂ ಸೇರಿ ಎಳೆಯುವ ಭಾರ ಸುಮಾರು 70 ಕಿಲೋ. ಇಷ್ಟನ್ನು ಮೂರು ಮಿಲಿಮೀಟರಿನ ಆಸುಪಾಸಿನ ಒಂದು ಹಲಗೆ, ಕೆಳಗೆ ಅಂಟಿಸಿದ ತೆಳು ಪಟ್ಟಿಗಳ ಬಲದಿಂದ, ವರ್ಷಾನುಗಟ್ಟಲೆ ತಡೆಯಬೇಕು, ತಡೆಯುತ್ತಲೇ ಕಂಪಿಸಬೇಕು. ಹಲಗೆಯ ಬಿಗುವು ದಪ್ಪದ ಘನಕ್ಕೆ ತಕ್ಕಂತೆ ಏರಿಳಿಯುತ್ತದೆ. 3 ಮಿಲಿಮೀಟರಿನಿಂದ 2.5ಕ್ಕೆ ಇಳಿಸಿದರೆ ತೂಕ ಆರರಲ್ಲಿ ಒಂದು ಪಾಲು ಕಡಿಮೆಯಾಗುತ್ತದೆ, ಬಿಗುವು ಶೇ 42ರಷ್ಟು ಕುಸಿಯುತ್ತದೆ. ಅರ್ಧ ಮಿಲಿಮೀಟರ್ ಎಂದರೆ ಕೀಸುಳಿಯಿಂದ ಕೆಲವು ಸಲ ತೆಗೆದ ಹೊಪ್ಪಳಿಕೆ, ಅಷ್ಟೆ. ಎರಡು ಜಾತಿಯ ಮರಗಳ ನಡುವೆ ಇಷ್ಟು ವ್ಯತ್ಯಾಸ ಹುಡುಕಲು ನೀವು ಬಹಳ ದೂರ ಹೋಗಬೇಕು. ತನ್ನ ಗುಟ್ಟು ಹೆಬ್ಬೆರಳು ತೋರುಬೆರಳುಗಳ ನಡುವೆ ಇದೆ ಎಂದು ತೊರೆಸ್ ಮುದಿವಯಸ್ಸಿನಲ್ಲಿ ಹೇಳುತ್ತಿದ್ದನೆಂಬ ಕತೆಯಿದೆ. ಕತೆ ನಿಜವೋ ಸುಳ್ಳೋ, ಹಲಗೆಯನ್ನು ಬೆರಳಲ್ಲಿ ಹಿಡಿದು ಬಾಗಿಸಿ ನೋಡುವ ಅಭ್ಯಾಸ ಈ ಕಸುಬಿನವರಲ್ಲಿ ಇವತ್ತಿಗೂ ಇದೆ.

ನನ್ನ ವಾದದ ಗಂಟು ಇರುವುದು ಇಲ್ಲೇ. ಹೊಸಬರ ಕೈ ಹೆದರುತ್ತದೆ. ತಂತಿ ಬಿಗಿದಾಗ ಹಲಗೆ ಉಬ್ಬೀತು, ಸೀಳೀತು ಎಂದು ದಪ್ಪ ಉಳಿಸುತ್ತದೆ, ಒಳಪಟ್ಟಿಗಳನ್ನು ಭಾರವಾಗಿಯೇ ಬಿಡುತ್ತದೆ. ಹೊಸಬರ ಗಿಟಾರುಗಳ ದನಿ ಮಂಕಾಗಿರುವುದಕ್ಕೆ ಮಾಮೂಲಿ ಕಾರಣ ಈ ಹೆದರಿಕೆ. ಅದರ ಜೊತೆಗೆ ದುಬಾರಿ ಮರದ ಹೆದರಿಕೆಯೂ ಸೇರಿದರೆ ಮುಗಿಯಿತು. ಬೀಟೆಯ ಪಕ್ಕದ ಹಲಗೆಯನ್ನು ಬಿಸಿ ಕೊಳವೆಗೆ ಒತ್ತಿ ಬಾಗಿಸುವಾಗ ಬೆಲೆ ನೆನಪಾದರೆ ಕೈ ಅರ್ಧಕ್ಕೇ ನಿಲ್ಲುತ್ತದೆ, ಅರ್ಧಕ್ಕೆ ನಿಂತ ಬಾಗು ಆಮೇಲೆ ಅಚ್ಚಿಗೆ ಕೂರುವುದಿಲ್ಲ. ದುಬಾರಿ ಮರ ಎಚ್ಚರ ಕಲಿಸುತ್ತದೆ ಎನ್ನುವವರಿದ್ದಾರೆ. ಅವರ ಮಾತಿಗೆ ಗೌರವವಿದೆ; ಆದರೆ ಒಡೆದರೆ ಇನ್ನೊಂದು ತರುತ್ತೇನೆ ಎಂಬ ಧೈರ್ಯ ಇರುವವರೇ ಹಲಗೆ ಎಲ್ಲಿಯವರೆಗೆ ತಡೆಯುತ್ತದೆ ಎಂಬುದನ್ನು ಕಲಿಯುತ್ತಾರೆ.

ಎರಡನೆಯದು ಕುತ್ತಿಗೆಯ ಕೋನ. ಇದು ಮಾತಿಗೆ ರುಚಿಸದ ವಿಷಯ, ಆದ್ದರಿಂದಲೇ ಯಾರೂ ಮಾತಾಡುವುದಿಲ್ಲ. ಕುತ್ತಿಗೆ 14ನೇ ಫ್ರೆಟ್ಟಿನ (ಮೆಟ್ಟಿಲಿನ) ಬಳಿ ಒಡಲಿಗೆ ಸೇರುವ ಗಿಟಾರಿನಲ್ಲಿ ಅಲ್ಲಿಂದ ತಂತಿ ಕಟ್ಟುವ ಬ್ರಿಜ್‌ವರೆಗೆ 28-29 ಸೆಂಟಿಮೀಟರ್ ದೂರ. ಕೂಡಿಸುವಾಗ ಒಂದೇ ಡಿಗ್ರಿ ಆಚೀಚೆಯಾದರೂ ಬ್ರಿಜ್ ಬಳಿ ಐದು ಮಿಲಿಮೀಟರ್ ಮೇಲೆ ಕೆಳಗಾಗುತ್ತದೆ. 12ನೇ ಫ್ರೆಟ್ಟಿನ ಮೇಲೆ ತಂತಿ ಇರಬೇಕಾದ ಎತ್ತರವೇ ಎರಡು, ಎರಡೂವರೆ ಮಿಲಿಮೀಟರ್. ಅಂದರೆ ಆ ಒಂದು ಡಿಗ್ರಿ ತಂತಿಯನ್ನು ಒಂದೋ ಫ್ರೆಟ್ಟಿಗೆ ತಾಗಿಸುತ್ತದೆ, ಇಲ್ಲವೇ ಇರಬೇಕಾದ ಎತ್ತರದ ಇಮ್ಮಡಿಗೆ ಏರಿಸಿ ಬೆರಳು ನೋಯಿಸುತ್ತದೆ. ಅಂಥ ವಾದ್ಯದ ಬೆನ್ನಿಗೆ ಬೀಟೆಯಿದ್ದರೇನು, ಬೆಂಡಿದ್ದರೇನು, ನುಡಿಸುವವರು ಕೆಳಗಿಡುತ್ತಾರೆ.

ಫ್ರೆಟ್ಟುಗಳ ಲೆಕ್ಕವೂ ಹೀಗೇ ನಿಷ್ಠುರ. ವೀಣೆಯಲ್ಲಿ ಮೆಟ್ಟಿಲುಗಳನ್ನು ಮೇಣದ ಮೇಲೆ ಕೂರಿಸಿ ಮೇಳ ಕಟ್ಟುತ್ತಾರೆ. ಸರಿಬರದಿದ್ದರೆ ಮೇಣ ಬಿಸಿಮಾಡಿ ಸರಿಸಬಹುದು. ಗಿಟಾರಿಗೆ ಆ ಸೌಲಭ್ಯವಿಲ್ಲ, ಗರಗಸ ಹಾಕಿದ ಗೀರಿಗೆ ಮರುವಿಚಾರಣೆ ಇಲ್ಲ. ಉಳಿದ ತಂತಿಯ ಉದ್ದವನ್ನು ಪ್ರತಿಸಲವೂ 17.817ರಿಂದ ಭಾಗಿಸಿ ಮುಂದಿನ ಫ್ರೆಟ್ಟಿನ ಜಾಗ ಗುರುತಿಸಬೇಕು. 650 ಮಿಲಿಮೀಟರ್ ತಂತಿಗೆ ಮೊದಲನೆಯದು 36.5ರ ಹತ್ತಿರ, ಹನ್ನೆರಡನೆಯದು ಸರಿಯಾಗಿ 325ಕ್ಕೆ. ಗೆಲಿಲಿಯೋನ ತಂದೆ ವಿಂಚೆಂಜೊ 16ನೇ ಶತಮಾನದಲ್ಲಿ ಸುಲಭಕ್ಕೆ 18ರಿಂದ ಭಾಗಿಸಿ ಎಂದಿದ್ದ. ಹಾಗೆ ಮಾಡಿದರೆ ಹನ್ನೆರಡನೇ ಫ್ರೆಟ್ಟು ಎರಡೂಕಾಲು ಮಿಲಿಮೀಟರಿಗೂ ಹೆಚ್ಚು ಹಿಂದೆ ಬೀಳುತ್ತದೆ. ಗೀರು ಹಾಕಿಯೇ ಮಾರುವ ಪಟ್ಟಿಗಳು ಸಿಗುತ್ತವೆ, ಹೊಸಬರು ಕೊಂಡರೆ ನನ್ನ ಕಣ್ಣಲ್ಲಿ ಅವರ ಗಿಟಾರು ಒಂದಿಷ್ಟೂ ಕಡಿಮೆ ಕೈಕೆಲಸದ್ದಾಗುವುದಿಲ್ಲ.

ಮೂರನೆಯದು ಗಾಳಿಯ ತೇವ. ಕರ್ನಾಟಕದಂಥ ನಾಡಿನಲ್ಲಿ ಇದನ್ನೇ ಮೊದಲು ಹೇಳಬೇಕಿತ್ತು. ಸ್ಪ್ರೂಸ್ ಹಲಗೆ ಎಳೆಗೆ ಅಡ್ಡವಾಗಿ ತೇವ ಕುಡಿದು ಹಿಗ್ಗುತ್ತದೆ, ಒಣಗಿ ಕುಗ್ಗುತ್ತದೆ. ಮಳೆಗಾಲದ ಮಂಗಳೂರಿನಲ್ಲಿ ಅಂಟಿಸಿದ 40 ಸೆಂಟಿಮೀಟರ್ ಅಗಲದ ಮೇಲ್ಹಲಗೆ ಏಪ್ರಿಲ್‌ನ ಕಲಬುರಗಿಗೆ ಹೋದರೆ ಐದಾರು ಮಿಲಿಮೀಟರ್ ಕುಗ್ಗಲು ನೋಡುತ್ತದೆ. ಅಡ್ಡಕ್ಕೆ ಅಂಟಿಸಿದ ಪಟ್ಟಿಗಳು ಕುಗ್ಗಲು ಬಿಡುವುದಿಲ್ಲ. ಜಗ್ಗಾಟದಲ್ಲಿ ಸೋಲುವುದು ಹಲಗೆ, ಅದು ಎಳೆಯ ಗುಂಟ ಸೀಳುತ್ತದೆ. ಅದಕ್ಕೇ ಬಲ್ಲ ತಯಾರಕರು ಅಂಟು ಹಾಕುವ ಕೋಣೆಯ ತೇವವನ್ನು ಶೇ 40ರಿಂದ 50ರೊಳಗೆ ಇಟ್ಟುಕೊಳ್ಳುತ್ತಾರೆ. ಬಾಲ್ಕನಿಯ ಕುಶಲಕರ್ಮಿಗಳಿಗೆ ನನ್ನ ಸಲಹೆ ಒಂದೇ: ಬೀಟೆಗೆಂದು ಎತ್ತಿಟ್ಟ ದುಡ್ಡಿನ ಒಂದು ಚೂರಿನಲ್ಲಿ ತೇವಮಾಪಕ ಬರುತ್ತದೆ, ಅದನ್ನು ಮೊದಲು ಗೋಡೆಗೆ ತೂಗುಹಾಕಿ.

ಬೀಟೆಯ ಪರವಾಗಿ ಹೇಳಬೇಕಾದದ್ದನ್ನೂ ಹೇಳಿಬಿಡುತ್ತೇನೆ. ಅದು ನೋಡಲು ಚೆಂದ, ಬಿಸಿಗೆ ಹಿತವಾಗಿ ಬಾಗುತ್ತದೆ, ಒಣಗಿದ ಮೇಲೆ ಸ್ಥಿರವಾಗಿ ನಿಲ್ಲುತ್ತದೆ. ಬಡಿದರೆ ಗಂಟೆಯ ಹಾಗೆ ಅನುರಣಿಸುತ್ತದೆ ಎಂಬುದೂ ನಿಜ. ಮಾರಲು ಮಾಡುವವರಿಗೆ ಅದು ಬೇಕೇ ಬೇಕು, ಏಕೆಂದರೆ ಕೊಳ್ಳುವವರು ಮೊದಲು ಕಣ್ಣಿಂದ ಕೊಳ್ಳುತ್ತಾರೆ. ಆದರೆ ಮೊದಲ ಗಿಟಾರನ್ನು ಯಾರೂ ಮಾರಲು ಮಾಡುವುದಿಲ್ಲ. ಬೀಟೆ ನಿಧಾನಕ್ಕೆ ಬೆಳೆಯುವ ಮರ, ಕಡಿಯಲು ತೋಟದ ಒಡೆಯರಿಗೂ ಅರಣ್ಯ ಇಲಾಖೆಯ ಅನುಮತಿ ಬೇಕು. ಒಂದು ಮರವನ್ನು ಕಲಿಕೆಯ ತಪ್ಪುಗಳಿಗೆ ಖರ್ಚು ಮಾಡುವ ಮುನ್ನ ಅದನ್ನೂ ಯೋಚಿಸಬಹುದು.

ಬದಲಿಗೆ ಏನು ಎಂದರೆ, ಕಾಫಿ ತೋಟಗಳಲ್ಲಿ ಬೀಟೆಯ ಪಕ್ಕದಲ್ಲೇ ಮೆಣಸಿನ ಬಳ್ಳಿ ಹೊತ್ತು ನಿಂತ ಸಿಲ್ವರ್ ಮರವಿದೆ. ಮೂಲ ಆಸ್ಟ್ರೇಲಿಯಾ, ಅಲ್ಲಿನ ಗಿಟಾರ್ ತಯಾರಕರು ಅದನ್ನು ಬೆನ್ನಿಗೂ ಪಕ್ಕಕ್ಕೂ ಬಳಸುತ್ತಾರೆ. ದಿಮ್ಮಿಯನ್ನು ನಡುವಿನಿಂದ ಅಂಚಿಗೆ ಸೀಳಿದರೆ ಜಾಲರಿಯಂಥ ಸೊಗಸಾದ ಚಿತ್ತಾರ ಏಳುತ್ತದೆ. ನಮ್ಮಲ್ಲಿ ಅದಕ್ಕೆ ಪ್ಲೈವುಡ್ಡಿನ ಹಣೆಬರಹ. ಮಲೆನಾಡಿನ ನನ್ನ ಪರಿಚಯದ ಆಚಾರರನ್ನು ಕೇಳಿದೆ, ಸಿಲ್ವರ್ ಮರದಲ್ಲಿ ವಾದ್ಯ ಆದೀತಾ ಅಂತ. "ಆಗದೆ ಏನು ಮಾರಾಯ್ರೆ, ಚೆಂದಾಗಿ ಒಣಗ್ಬೇಕು ಅಷ್ಟೆ. ನಿಮಗೆ ಒಣಗೋತನಕ ಕಾಯೋ ಪುರುಸೊತ್ತು ಉಂಟಾ?" ಎಂದರು. ಅದರ ಹುಡಿ ಕೆಲವರ ಚರ್ಮಕ್ಕೆ ಆಗಿಬರುವುದಿಲ್ಲ, ಬೀಟೆಯದೂ ಅಷ್ಟೇ. ಉಜ್ಜುವಾಗ ಮಾಸ್ಕ್ ಇರಲಿ.

ಮೇಲ್ಹಲಗೆಯ ವಿಷಯದಲ್ಲಿ ಮಾತ್ರ ನಾನು ಪಕ್ಕಾ ಸಂಪ್ರದಾಯವಾದಿ. ಅಷ್ಟು ಹಗುರವಾಗಿಯೂ ಅಷ್ಟು ಬಿಗುವಾಗಿಯೂ ಇರುವ ಮರ ನಮ್ಮ ದಕ್ಷಿಣದ ಕಾಡುಗಳಲ್ಲಿ ನನ್ನ ಕಣ್ಣಿಗೆ ಬಿದ್ದಿಲ್ಲ. ಸ್ಪ್ರೂಸನ್ನೇ ತರಿಸಿ. ತರಿಸುವಾಗ ಎಳೆ ಎಷ್ಟು ಒತ್ತಾಗಿದೆ ಎಂದು ನೋಡುವ ಬದಲು ಎಳೆಗೆ ಅಡ್ಡವಾಗಿ ಹಿಡಿದು ಬಾಗಿಸಿ ನೋಡಿ, ಮತ್ತು ಒಂದರ ಬದಲು ಎರಡು ತರಿಸಿ.